ಕುವೈತಿನಿಂದ ಎಷ್ಟು ಹೊತ್ತು

ಕುವೈತಿನ ಕಂಪನಿ ಬಾಗಿಲು ಹಾಕಿದ ಮೇಲೆ ರಘುವೀರ ಮಂಗಳೂರಿಗೆ ಬಂದಿಳಿದು ಮೂರು ತಿಂಗಳಾಗಿತ್ತು. ಕೆಲಸ ಕಳಕೊಂಡು ಯಾವ ಮುಖ ಹೊತ್ತು ಕುಂದಾಪುರದ ಮನೆಗೆ ಹೋಗುವುದೆಂದು, ಮಂಗಳೂರಿನಲ್ಲೇ ಒಂದು ಏಸಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತುಬಿಟ್ಟಿದ್ದ. ಹೆಂಡತಿ ಜಲಜಾಳ ಪಾಲಿಗೆ ಮಾತ್ರ ಅವನು ಇನ್ನೂ ಕುವೈತಿನಲ್ಲೇ ಇದ್ದ. ದಿನವೂ ವಾಟ್ಸಾಪಿನಲ್ಲಿ ಕರೆ ಮಾಡುವ ಮೊದಲು ಗಡಿಯಾರ ನೋಡಿ, ಅದರಲ್ಲಿ ಎರಡೂವರೆ ಗಂಟೆ ಕಳೆದು ಕುವೈತಿನ ಸಮಯ ಲೆಕ್ಕ ಹಾಕುವುದು ಅವನಿಗೆ ರೂಢಿಯಾಗಿತ್ತು.

ಆ ಭಾನುವಾರ ಬೆಳಿಗ್ಗೆ ಜಲಜಾ ಕೇಳಿದಳು, "ಅಲ್ಲೀಗ ಗಂಟೆ ಎಷ್ಟು?"

"ಆರೂವರೆ. ಈಗಷ್ಟೇ ಎದ್ದೆ."

"ಸೆಕೆ ಉಂಟಾ?"

"ಕೇಳ್ಬೇಡ. ಬೆಂಕಿ."

"ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಆಗ್ತದೆ?"

"ಮೂರು ಸಾವಿರ ಕಿಲೋಮೀಟರ್ ಮೇಲೆಯೇ."

"ವಿಮಾನದಲ್ಲಿ ಬಂದ್ರೆ?"

"ಐದು ಗಂಟೆ. ಚೆಕಿಂಗು, ಲಗೇಜು ಎಲ್ಲ ಸೇರಿದ್ರೆ ಒಂದು ದಿನವೇ ಹೋಯ್ತು. ಯಾಕೆ?"

"ಮಗಳಿಗೆ ನಿನ್ನೆಯಿಂದ ಜ್ವರ. ಅಪ್ಪ ಬೇಕು ಅಂತ ಹಟ ಹಿಡಿದಿದ್ದಾಳೆ."

ಸುಳ್ಳು ಅವನ ಬಾಯಿಗೆ ತಾನಾಗಿಯೇ ಬಂತು. "ರಜೆ ಸಿಗ್ಬೇಕಲ್ಲ ಜಲಜಾ? ನೀನು ಹೇಳಿದ ಕೂಡ್ಲೇ ಹಾರಿ ಬರ್ಲಿಕ್ಕೆ ಆಗ್ತದಾ?"

ಆ ಕಡೆ ಒಲೆಯಿಂದ ಪಾತ್ರೆ ಇಳಿಸಿದ ಸದ್ದಾಯಿತು.

"ಹಾರುವುದೆಲ್ಲ ಬೇಡ ಮಾರಾಯ್ರೆ," ಎಂದಳು ಜಲಜಾ. "ಮಂಗಳೂರಲ್ಲಿ ಹತ್ತು ಗಂಟೆಯ ಎಕ್ಸ್‌ಪ್ರೆಸ್ ಬಸ್ ಹತ್ತಿದ್ರೆ ಊಟದ ಹೊತ್ತಿಗೆ ಮನೆಗೆ ಮುಟ್ತೀರಿ."