ಸಾವ್ಕಾರನ ಪಥ್ಯ

ಅನಿತ ಬೆಕ್ಕಿನ ಹೊಟ್ಟೆಗೆ ರೇಷ್ಮೆ ದಾರ ಸುತ್ತಿ ಅಳೆದಳು. ದಾರದಲ್ಲಿ ಹಾಕಿದ್ದ ಗಂಟಿಗಿಂತ ಹೊಟ್ಟೆ ಇನ್ನೂ ಎರಡು ಬೆರಳು ಹೆಚ್ಚಿತ್ತು. ಅಮಾವಾಸ್ಯೆಗೆ ಉಳಿದದ್ದು ಒಂಬತ್ತೇ ದಿನ.

"ಬೆಕ್ಕಿಗೂ ಪಥ್ಯವೇನೇ ತಾಯಿ?" ಪಕ್ಕದ ಮನೆಯ ವರಲಕ್ಷ್ಮಮ್ಮ ಗೋಡೆಯಾಚೆಯಿಂದ ನಕ್ಕರು. "ನಿಮ್ಮತ್ತೆ ನೋಡಿದ್ರೆ ಕಡ್ಡಿಯಂಗಾಗವ್ರೆ. ನೀನು ಬೆಕ್ಕಿನ ಸೊಂಟ ಅಳೀತಾ ಕೂತಿದ್ದೀಯ."

"ದನದ ಡಾಕ್ಟ್ರು ಹೇಳವ್ರೆ ಅಕ್ಕ. ಹಿಂಗೇ ಊದಿದ್ರೆ ಉಳಿಯಲ್ವಂತೆ," ಅಂದಳು ಅನಿತ. ಡಾಕ್ಟರ ಮುಖವನ್ನೇ ಅವಳು ನೋಡಿರಲಿಲ್ಲ.

ಬೆಕ್ಕಿಗೆ ಸಾವ್ಕಾರ ಎಂದು ಹೆಸರಿಟ್ಟವನು ಅವಳ ಗಂಡ ಚೌಡೇಶ. ಹೆಸರಿಗೆ ತಕ್ಕ ಠೀವಿ ಅದಕ್ಕೆ. ತುಪ್ಪವಿಲ್ಲದ ಅನ್ನವನ್ನು ಮೂಸಿಯೂ ನೋಡದು. ಹಾಲು ಆರಿದ್ದರೆ ಮುಖ ತಿರುಗಿಸಿಕೊಂಡು ಹೋಗುವುದು. ಚೌಡೇಶ ಸತ್ತ ಮೇಲೆ ಅತ್ತೆ ಶಕುಂತಲಮ್ಮ ಮಗನ ಮೇಲಿನ ಮಮತೆಯನ್ನೆಲ್ಲ ಅದರ ತಟ್ಟೆಗೇ ಸುರಿದರು. ನಾಲ್ಕೇ ತಿಂಗಳಲ್ಲಿ ಸಾವ್ಕಾರ ಹಲಸಿನಕಾಯಿಯಾಯಿತು.

ಚೌಡೇಶ ಸತ್ತ ದಿನದ ಬೆಳಗನ್ನು ಅನಿತ ಮರೆತಿರಲಿಲ್ಲ. "ಮತ್ತೆ ಉಪ್ಪಿಟ್ಟಾ?" ಅಂದಿದ್ದ. "ಬೇಡದಿದ್ರೆ ಬಿಡಿ, ಬೆಕ್ಕಿಗೆ ಹಾಕ್ತೀನಿ," ಅಂದಿದ್ದಳು. ತಟ್ಟೆಯನ್ನು ದೂರ ತಳ್ಳಿ ಎದ್ದ. ಸೀರೆಯ ಗಂಟನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೋದವನು ನೆಲಮಂಗಲದ ರಸ್ತೆಯಲ್ಲಿ ಲಾರಿಗೆ ಸಿಕ್ಕ. ಹಸಿದ ಹೊಟ್ಟೆಯಲ್ಲೇ ಹೋದ. ತಟ್ಟೆ ನೆಲಕ್ಕೆ ಉಜ್ಜಿದ ಆ ಸದ್ದು ಊಟಕ್ಕೆ ಕೂತಾಗಲೆಲ್ಲ ಅವಳಿಗೆ ಕೇಳುತ್ತಿತ್ತು.

ಅವನು ನೇಯುತ್ತಿದ್ದ ಮಗ್ಗದ ಕೋಣೆಯಲ್ಲೇ ಪ್ರತಿ ಅಮಾವಾಸ್ಯೆಗೆ ಅವನಿಗೆ ಎಡೆ. ಎಲೆಯ ತುಂಬ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಮಾತಿಲ್ಲದೆ ಕೂರಬೇಕು. ತೆರೆದಾಗ ಎಡೆ ಮುಟ್ಟಿದ್ದರೆ ಸತ್ತವರು ಬಂದು ಉಂಡರೆಂದು ಲೆಕ್ಕ. ಮೊದಲ ಮೂರು ಅಮಾವಾಸ್ಯೆ ಅನಿತಳೇ ಅಡುಗೆ ಮಾಡಿ ಬಡಿಸಿದಳು. ಮೂರು ಸಲವೂ ಎಡೆ ಖಾಲಿಯಾಗಿತ್ತು. ಶಕುಂತಲಮ್ಮ ಅತ್ತು ಹಗುರಾದರು.

ಅನಿತಳೂ ನಂಬಿದ್ದಳು. ಆದರೆ ಮೂರನೆಯ ಸಲ ಹಿತ್ತಿಲಿಗೆ ಹೋದಾಗ, ಸಾವ್ಕಾರ ಗೋಡೆಯ ಬುಡದಲ್ಲಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಮೇಲೆ, ಮಗ್ಗದ ಕೋಣೆಯ ಒಂದೂವರೆ ಅಡಿ ದಪ್ಪದ ಮಣ್ಣುಗೋಡೆಯಲ್ಲಿ, ಹಳೆಯ ಮೋಟಾರಿನ ಬೆಲ್ಟು ಹಾಯುತ್ತಿದ್ದ ಕಿಂಡಿ. ಅವಳಿಗೆ ಎಲ್ಲ ಅರ್ಥವಾಯಿತು. ಅಷ್ಟು ಸಿಟ್ಟಿನಲ್ಲಿ ಎದ್ದುಹೋದವನು ಮತ್ತೆ ನನ್ನ ಕೈಯಡುಗೆಗೆ ಬರುತ್ತಾನೆಯೇ ಅಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಕಳೆದ ಅಮಾವಾಸ್ಯೆಗೆ ಅವಳು ಹೊರಗಾಗಿದ್ದಳು. ಮೂರು ದಿನ ಹಿತ್ತಿಲ ಚಪ್ಪರದಲ್ಲೇ ವಾಸ. ಅಡುಗೆ ಮಾಡಿ ಬಡಿಸಿದ್ದು ಅತ್ತೆ. ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಸಾವ್ಕಾರ ಕಿಂಡಿಗೆ ಹಾರಿದ್ದನ್ನು ಅವಳು ಕಣ್ಣಾರೆ ಕಂಡಳು. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಕ್ಕೆ ಜಾರಿ, ಏನೂ ಆಗದವರಂತೆ ಸೀಬೆ ಮರದಡಿ ಹೋಗಿ ಮಲಗಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ಗೋಳು ಕೇಳಿಸಿತು.

"ನನ್ ಮಗ ಉಣ್ದೆ ನಾನೂ ಉಣ್ಣಲ್ಲ," ಎಂದು ಶಕುಂತಲಮ್ಮ ಅಂದೇ ಅನ್ನ ಬಿಟ್ಟರು. ಬರೀ ಮಜ್ಜಿಗೆ. ಮಾವ ಬೈರಪ್ಪನವರು ಕಾಲು ಹಿಡಿಯುವುದೊಂದು ಬಾಕಿ. ಇನ್ನೊಂದು ಅಮಾವಾಸ್ಯೆ ಬರಿದಾದರೆ ಮುದುಕಿ ಉಳಿಯುವುದಿಲ್ಲವೆಂದು ಅನಿತಳಿಗೆ ಗೊತ್ತಿತ್ತು. ನಿಜ ಹೇಳಿದರೂ ಉಳಿಯುವುದಿಲ್ಲ. ಉಳಿದ ದಾರಿ ಒಂದೇ, ಬೆಕ್ಕಿನ ಹೊಟ್ಟೆ ಇಳಿಸುವುದು. ಕಿಂಡಿಯ ಸುತ್ತಳತೆ ತೆಗೆದು ರೇಷ್ಮೆ ದಾರದಲ್ಲಿ ಗಂಟು ಹಾಕಿಕೊಂಡಿದ್ದಳು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೀರು ಬೆರೆಸಿದ ಹಾಲನ್ನು ಸಾವ್ಕಾರ ಪಂಜದಿಂದ ಉರುಳಿಸಿತು. ಮುದ್ದೆಯ ಚೂರಿಗೆ ಬೆನ್ನು ತೋರಿಸಿತು. ಎರಡು ದಿನ ಉಪವಾಸ ಕೂತು, ಮೂರನೆಯ ದಿನ ವರಲಕ್ಷ್ಮಮ್ಮನ ಮನೆಗೆ ನುಗ್ಗಿ ಬೆಣ್ಣೆ ಕದ್ದಿತು. ಅನಿತ ದಾರದ ಉಂಡೆ ಎಳೆದುಕೊಂಡು ಅಂಗಳದ ತುಂಬ ಓಡಿದಳು. ಅವಳು ಬೆವರಿದಳು, ಅದು ಆಕಳಿಸಿತು. ಆದರೂ ದಿನಕ್ಕೆ ಕೂದಲೆಳೆಯಷ್ಟು ಇಳಿಯುತ್ತ ಬಂತು. ಅಮಾವಾಸ್ಯೆಯ ಬೆಳಿಗ್ಗೆ, ಅದು ಉಸಿರು ಬಿಟ್ಟಾಗ, ದಾರ ಗಂಟಿಗೆ ಮುಟ್ಟಿತು.

ಅವತ್ತು ಅವಳು ಹಿತಕಿದ ಅವರೆಬೇಳೆ ಸಾರು, ವಡೆ, ಪಾಯಸ ಮಾಡಿದಳು. ಅನ್ನಕ್ಕೆ ಕೈತುಂಬ ತುಪ್ಪ ಸುರಿದಳು. ಹಸಿದ ಬೆಕ್ಕನ್ನು ಹಿತ್ತಿಲಲ್ಲಿ ಬಿಟ್ಟು ಬಂದು ಎಡೆ ಬಡಿಸಿದಳು. ಮಾವ ಬಾಗಿಲು ಮುಚ್ಚಿದರು.

ಬೀದಿಯ ಮಗ್ಗಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಅನಿತ ಮನಸ್ಸಿನಲ್ಲೇ ಬೆಕ್ಕಿಗೆ ಕೈಮುಗಿದಳು. ಹೋಗೋ ಸಾವ್ಕಾರ, ಇದೊಂದು ಸಲ ಹೋಗೋ.

ಬೈರಪ್ಪ ಬಾಗಿಲು ತೆರೆದರು. ಪಾಯಸ ಬಳಿದು ಹೋಗಿತ್ತು. ಅನ್ನದ ನಡುವೆ ಗುಳಿ ಬಿದ್ದಿತ್ತು. ವಡೆಯಲ್ಲಿ ಅರ್ಧ ಮಾತ್ರ ಉಳಿದಿತ್ತು.

ಶಕುಂತಲಮ್ಮ ಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಹೋದ್ಸಲ ನಾನು ಬಡಿಸ್ದೆ, ಮುಟ್ಲಿಲ್ಲ ನನ್ ಕಂದ. ಅವ್ನಿಗೆ ನಿನ್ ಕೈ ಅನ್ನನೇ ಬೇಕಾಗಿತ್ತು ಕಣಮ್ಮ." ಅನಿತ ನಗು ಕಾಣದಂತೆ ತಲೆ ತಗ್ಗಿಸಿದಳು.

ತಿಂಗಳ ಉಪವಾಸದ ಮೇಲೆ ಅತ್ತೆ ಅವತ್ತು ಅನ್ನ ಉಂಡರು, ಎರಡು ಸಲ ಬಡಿಸಿಕೊಂಡರು. ಅವರು ಕೈ ತೊಳೆಯುವವರೆಗೂ ಎದುರಿಗೇ ಕೂತಿದ್ದ ಅನಿತ, ಆಮೇಲೆ ಬಟ್ಟಲ ತುಂಬ ಗಟ್ಟಿ ಹಾಲು ಹಿಡಿದು ಸಾವ್ಕಾರನ ಋಣ ತೀರಿಸಲು ಹಿತ್ತಿಲಿಗೆ ಹೋದಳು.

ಕಿಂಡಿಯ ಬಾಯಲ್ಲಿ ಎರಡು ಹಿಂಗಾಲು, ಒಂದು ಬಾಲ ಒದ್ದಾಡುತ್ತಿದ್ದವು. ಎಡೆಯ ಕಡೆಗೆ ಹೊರಟ ಸಾವ್ಕಾರ, ಗೋಡೆಯ ನಡುವೆ ಹೊಟ್ಟೆ ಸಿಕ್ಕಿಸಿಕೊಂಡು, ಒಳಗೆ ಹೋಗಲಾರದೆ ಇನ್ನೂ ಹಸಿವಿನಿಂದ ಕೂಗುತ್ತಿತ್ತು.