ಇಬ್ಬರಿಗೂ ಸೇರಿ ಒಂದೇ ಅರ್ಜಿ

“ಈ ಸಲ ನನ್ನ ಹೆಸರೂ ಸೇರಿಸ್ಕೊಳ್ಳಪ್ಪ, ಒಟ್ಟಿಗೇ ಅಪ್ಲೈ ಮಾಡೋಣ,” ಎಂದರು ಗೋಪಿನಾಥ ಅಂಕಲ್.

ಊಟದ ಮೇಜಿನ ಮೇಲೆ ಹರಡಿದ್ದ ವಯೋಮಿಂಗ್ ರಾಜ್ಯದ ನಕ್ಷೆಯನ್ನು ಅಭಿಷೇಕ್ ಸರಕ್ಕನೆ ಮಡಚಿದ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂರು ಸಲ ವಿಚಾರಿಸುವ ಈ ಮನುಷ್ಯನಿಗೆ ಆಂಟಿಲೋಪ್ ಜಿಂಕೆಯ ಬೇಟೆ ಯಾಕೆ? ಅದೂ ತಮ್ಮ ಒಬ್ಬನೇ ಮಗ ಸೃಜನ್ ಸತ್ತ ಬಯಲಿನಲ್ಲಿ?

ನಾಲ್ಕು ವರ್ಷದ ಹಿಂದೆ, 2021ರ ಅಕ್ಟೋಬರಿನಲ್ಲಿ, ಅಭಿಷೇಕ್ ಮತ್ತು ಅವನ ಗೆಳೆಯ ಸೃಜನ್ ಇಬ್ಬರೇ ಆ ಬಯಲಿಗೆ ಹೋಗಿದ್ದರು. ತಮ್ಮೂರಾದ ಕ್ಯಾರಿಗೆ ಜೀವಂತ ಮರಳಿದ್ದು ಒಬ್ಬ. ಗುಂಡು ಅಭಿಷೇಕ್‌ನದೇ. ಅದನ್ನು ಅವನು ಮುಚ್ಚಿಡಲಿಲ್ಲ, ಗೋಳೋ ಎಂದು ಅತ್ತು ಹೇಳಿದ. ಬೇಟೆಗಾರರು ದೂರಕ್ಕೂ ಕಾಣಲೆಂದು ತೊಡುವ ಕಿತ್ತಳೆ ಬಣ್ಣದ ಜಾಕೆಟನ್ನು ಸೃಜನ್ ತೆಗೆದಿಟ್ಟಿದ್ದ, ಹುಲ್ಲಿನಲ್ಲಿ ಕಾಣಲಿಲ್ಲ ಎಂದ. ಪೊಲೀಸರು ಅಪಘಾತವೆಂದು ಬರೆದುಕೊಂಡರು. ಊರಿನ ಕನ್ನಡದವರೆಲ್ಲ ಅಯ್ಯೋ ಪಾಪ ಎಂದರು.

ಜಾಕೆಟ್ ಸೃಜನ್‌ನ ಮೈಮೇಲೇ ಇತ್ತು. ಆತುರದಲ್ಲಿ ಸರಿಯಾಗಿ ನೋಡದೆ ಹೊಡೆದವನು ಅಭಿಷೇಕ್. ಫೋನ್ ಮಾಡುವ ಮೊದಲು ಅದನ್ನು ಬಿಚ್ಚಿ ಬಂಡೆಯ ಸಂದಿಗೆ ತುರುಕಿದ ಪುಣ್ಯಾತ್ಮನೂ ಅವನೇ. ಆ ಬಯಲು ಸರ್ಕಾರಿ ಜಮೀನು, ಯಾರು ಬೇಕಾದರೂ ಓಡಾಡುವ ಜಾಗ. ಗುಂಡಿನ ತೂತಿರುವ ಜಾಕೆಟ್ ಯಾರದಾದರೂ ಕಣ್ಣಿಗೆ ಬಿದ್ದರೆ ಮುಗಿಯಿತು, ಜೈಲೇ ಗತಿ. ಬೇಟೆಗಾರನಾಗಿ ಹೋದರೆ ಇಲ್ಲಿಗೇಕೆ ಬಂದೆ ಎಂದು ಕೇಳುವವರಿಲ್ಲ. ಒಬ್ಬನೇ ಹೋಗಬೇಕು, ತೆಗೆಯಬೇಕು, ಸುಡಬೇಕು. ಈ ವರ್ಷದ ತಯಾರಿಯೆಲ್ಲ ಅದಕ್ಕೇ.

“ಈ ವಯಸ್ಸಲ್ಲಿ ಯಾಕೆ ಅಂಕಲ್? ತುಂಬಾ ನಡೀಬೇಕು.”

“ನಡೀತೀನಿ. ಅವನು ಜಾಕೆಟ್ ಎಲ್ಲಿ ತೆಗೆದ ಅಂತ ಒಂದ್ಸಲ ನೋಡ್ಬೇಕು ಕಣಪ್ಪ. ಪಾರ್ಕಿಂಗ್ ಲಾಟ್‌ನಲ್ಲಿ ಕಾರ್ ನಿಂತ್ಮೇಲೂ ಸೀಟ್‌ಬೆಲ್ಟ್ ತೆಗೀತಿರ್ಲಿಲ್ಲ. ಅಂಥಾ ಪುಕ್ಕಲ ಅವನು.”

ಅಂಕಲ್ ನಕ್ಕರು. ಅಭಿಷೇಕ್ ನಕ್ಷೆಯನ್ನು ಇನ್ನೊಂದು ಸಲ ಮಡಚಿದ. ಒಲ್ಲೆನೆಂದರೆ ಅನುಮಾನ, ಹೂಂ ಎಂದರೆ ಬಂಡೆಯವರೆಗೂ ಇವರು ಜೊತೆಗೆ. ಏನು ಮಾಡುವುದು? ತಟ್ಟನೆ ಲೆಕ್ಕ ಹೊಳೆಯಿತು. ಹನ್ನೆರಡು ವರ್ಷ ಡೇಟಾ ಜೊತೆ ಗುದ್ದಾಡಿದವನಲ್ಲವೇ!

ಹೊರರಾಜ್ಯದವರಿಗೆ ಅಲ್ಲಿ ಬೇಟೆಯ ಪರ್ಮಿಟ್ ಸುಲಭಕ್ಕೆ ಸಿಗುವುದಿಲ್ಲ. ವರ್ಷಕ್ಕೆ ಒಂದೇ ಒಂದು ಪಾಯಿಂಟ್ ಕೊಳ್ಳಬಹುದು, ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲ ಆದ್ಯತೆ. ಒಮ್ಮೆ ಪರ್ಮಿಟ್ ಸಿಕ್ಕರೆ ಮತ್ತೆ ಸೊನ್ನೆಯಿಂದ ಶುರು. ಸೃಜನ್ ಸತ್ತ ಮೇಲೆ ಅಭಿಷೇಕ್ ಕೂಡಿಸಿದ್ದು ಮೂರು. ಆ ಬಯಲಿಗೆ ಮೂರು ಬೇಕೇ ಬೇಕು. ಆದರೆ ಇಬ್ಬರು ಒಂದೇ ಅರ್ಜಿ ಹಾಕಿದರೆ ಪಾಯಿಂಟುಗಳ ಸರಾಸರಿ ಹಿಡಿಯುತ್ತಾರೆ. ಬಂದೂಕನ್ನೇ ಮುಟ್ಟದ ಅಂಕಲ್‌ರದು ಸೊನ್ನೆ. ಸರಾಸರಿ ಒಂದೂವರೆ. ಸಿಗುವ ಮಾತೇ ಇಲ್ಲ! ಸಿಗದಿದ್ದರೆ ತನ್ನ ಪಾಯಿಂಟ್ ಹಾಗೇ ಉಳಿಯುತ್ತದೆ, ಮುಂದಿನ ವರ್ಷ ಒಬ್ಬನೇ ಹೋದರಾಯಿತು.

“ಆಯ್ತು ಅಂಕಲ್. ಆದ್ರೆ ಸಿಗೋದು ಡೌಟು.”

“ಸೃಜನ್‌ಗೆ ಇಷ್ಟ ಇದ್ರೆ ಸಿಗತ್ತೆ ಬಿಡು. ಫಾರ್ಮ್ ನಾನೇ ತುಂಬ್ತೀನಿ. ರಿಟೈರ್ ಆದೋನಿಗೆ ಇನ್ನೇನ್ ಕೆಲಸ?”

ಮೇ ತಿಂಗಳಿಡೀ ಅಂಕಲ್ ಶೂಟಿಂಗ್ ರೇಂಜಿಗೆ ಹೋದರು. ಒಂದು ಭಾನುವಾರ ಗುರಿಹಲಗೆಯ ಕಾಗದ ತಂದು ತೋರಿಸಿದರು. ಐದು ತೂತು, ಐದೂ ನಟ್ಟನಡುವೆ.

“ನೋಡಿ ಹೊಡೀಬೇಕು ಅಂತಾರೆ ಅಲ್ಲಿ. ಟ್ರಿಗರ್ ಮೇಲೆ ಬೆರಳಿಡೋಕೆ ಮುಂಚೆ ಎದುರಿಗಿರೋದು ಏನು ಅಂತ ನೋಡ್ಬೇಕಂತೆ. ಹೌದೇನಪ್ಪ?”

“ಹೌದು ಅಂಕಲ್.” ಅಭಿಷೇಕ್ ಕಾಗದವನ್ನು ಮಡಚಿ ಹಿಂದಿರುಗಿಸಿದ.

“ಪಾಪ, ಕರ್ಕೊಂಡ್ ಹೋಗ್ಬನ್ನಿ ಅವರನ್ನ,” ಎಂದಳು ಹೆಂಡತಿ ಮೈಥಿಲಿ, ಅವರು ಹೋದ ಮೇಲೆ. “ಮಗನ ಜಾಗ ನೋಡಿದ್ರೆ ಮನಸ್ಸಿಗೆ ಸಮಾಧಾನ ಆಗ್ಬಹುದು.”

“ಸಿಕ್ಕಿದ್ರೆ ತಾನೇ!” ಎಂದು ಸಿಡುಕಿದ. ರಾತ್ರಿ ನಿದ್ದೆ ಬಾರದಾಗಲೆಲ್ಲ ಒಂದೂವರೆ, ಒಂದೂವರೆ ಎಂದು ಮನಸ್ಸಿನಲ್ಲೇ ಜಪಿಸಿದ. ಲೆಕ್ಕ ತಪ್ಪುವುದಿಲ್ಲ ಎಂಬ ಧೈರ್ಯ ಅವನಿಗೆ.

ಜೂನ್‌ನಲ್ಲಿ ಫಲಿತಾಂಶದ ದಿನ. ಅಭಿಷೇಕ್ ಇಮೇಲ್ ತೆರೆಯುವ ಮೊದಲೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅಂಕಲ್. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ, ಕೈಯಲ್ಲಿ ಎರಡು ಹಾಳೆ.

“ಬಂತು ಕಣಪ್ಪ. ಇಬ್ಬರಿಗೂ.”

“ಹೇಗೆ… ಹೇಗೆ ಸಾಧ್ಯ ಅಂಕಲ್? ನಿಮ್ಮ ಹತ್ರ ಪಾಯಿಂಟೇ…”

“ಇಲ್ಲ ಅಂತ ನಾನು ಯಾವಾಗ ಹೇಳ್ದೆ?”

ಅಂಕಲ್ ಎರಡನೇ ಹಾಳೆಯನ್ನು ಅವನ ಕೈಗಿಟ್ಟರು. ಗೋಪಿನಾಥ ಎಂಬ ಹೆಸರಿನ ಮುಂದೆ ನಾಲ್ಕು ಪಾಯಿಂಟ್. ಕೆಳಗೆ ಒಂದೊಂದನ್ನೂ ಕೊಂಡ ತಾರೀಖು.

ಮೊದಲನೆಯದು ಸೃಜನ್‌ನ ವೈಕುಂಠ ಸಮಾರಾಧನೆಯ ದಿನದ್ದು. ಅವತ್ತು ಅಂಕಲ್ ತಾವೇ ಬಗ್ಗಿ, ಬೇಡವೆಂದರೂ ಬಿಡದೆ, ಅಭಿಷೇಕ್‌ನ ಎಲೆಗೆ ಇನ್ನೊಂದು ವಡೆ ಬಡಿಸಿದ್ದರು.