ಹನ್ನೊಂದು ಗೆರೆಗಳು

ಹನ್ನೊಂದು ಕಡೆ ಹೆಸರಿರಬೇಕಿತ್ತು. ಹನ್ನೊಂದು ಕಡೆಯೂ ಬರೀ ಗೆರೆ.

ಕುಲಕರ್ಣಿ ಮಾಸ್ತರರು ಕೆಂಪು ಪೆನ್ನಿನಿಂದ ಒಂದೊಂದನ್ನೂ ಎಣಿಸಿ, ಕನ್ನಡಕದ ಮೇಲಿನಿಂದ ಪವನನನ್ನು ನೋಡಿದರು.

"ಇದು ಪ್ರಾಜೆಕ್ಟೋ, ರೇಷನ್ ಕಾರ್ಡಿನ ಅರ್ಜಿಯೋ? ಹೆಸರು ತುಂಬ್ಕೋರಿ ಅಂತ ಗೆರಿ ಹೊಡದು ಬಿಟ್ಟಾರಲ್ಲ!"

"ಅವಸರ ಆತ್ರಿ ಸರ. ಓದಿ ನೋಡಲಿಲ್ಲ."

"ಫುಲ್ ಸೆಂಟೆನ್ಸ್, ಪ್ಲೀಸ್."

"ಐ... ಆಮ್... ಅವಸರ, ಸರ."

ತಾರ್ನಾಕದ ಆ ಮನೆಯ ಮುಂದಿನ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ, ಒಂದು ಕರಿಹಲಗೆ. ಹಿಂದೆ ಪರದೆ, ಪರದೆಯ ಹಿಂದೆ ಅಡುಗೆಮನೆ. ಗೇಟಿನ ಬೋರ್ಡಿನ ಮೇಲೆ ಮಾಸ್ತರರ ಪೂರ್ತಿ ಹೆಸರು, ಕೆಳಗೆ ‘ಮೂರು ತಿಂಗಳಲ್ಲಿ ಇಂಗ್ಲಿಷ್’. ಬೋರ್ಡು ಮತ್ತು ಕರೆಂಟ್ ಬಿಲ್ಲು ಬಿಟ್ಟರೆ ಆ ಹೆಸರಿಗೆ ಬೇರೆಲ್ಲೂ ಕೆಲಸವಿರಲಿಲ್ಲ. ಓಣಿಗೆಲ್ಲ ಅವರು ಕುಲಕರ್ಣಿ ಮಾಸ್ತರ.

ಊರಲ್ಲಿ ಕಾಲ್ ಸೆಂಟರುಗಳು ಎದ್ದ ಮೇಲೆ ಒಂದು ಕುರ್ಚಿಯೂ ಖಾಲಿ ಉಳಿಯುತ್ತಿರಲಿಲ್ಲ. ಮಾಸ್ತರರ ನಿಯಮ ಕಟ್ಟುನಿಟ್ಟು: ಇತಿಹಾಸ ಬದಲಿಸಿದ ಒಬ್ಬರ ಬಗ್ಗೆ ಸ್ವಂತ ಹುಡುಕಿ, ಸ್ವಂತ ಇಂಗ್ಲಿಷಿನಲ್ಲಿ ಎರಡು ಪುಟ ಬರೆದವರಿಗೇ ಸರ್ಟಿಫಿಕೇಟ್. ಅದು ಇದ್ದವರಿಗೇ ಸೋಮವಾರದ ಇಂಟರ್‌ವ್ಯೂ. ಚೀಟಿ ಎತ್ತಿದಾಗ ಪವನನ ಪಾಲಿಗೆ ಬಂದವರು ಭದ್ರಾಚಲದ ಗುಡಿ ಕಟ್ಟಿಸಿ ಗೋಲ್ಕೊಂಡದ ಕೋಟೆಯಲ್ಲಿ ಸೆರೆಯಾದ ಆ ಭಕ್ತ.

ಪವನನ ಅಪ್ಪ ದುಡಿಯುತ್ತಿದ್ದ ಪಟಾನ್‌ಚೆರುವಿನ ಕಾರ್ಖಾನೆಗೆ ಬೀಗ ಬಿದ್ದು ಐದು ತಿಂಗಳು. ಆ ಮನೆಗೆ ಸೋಮವಾರ ಬೇಕೇ ಬೇಕಿತ್ತು.

ಮಾಸ್ತರರ ಅನುಮಾನಕ್ಕೆ ಗೆರೆಗಳಷ್ಟೇ ಕಾರಣವಲ್ಲ. ಇಂಗ್ಲಿಷ್ ತೀರಾ ಚೆನ್ನಾಗಿತ್ತು. ಒಂದು ಮಾತನ್ನು ಅವರು ಮೂರು ಸಲ ಓದಿದರು: ಈ ಮಹನೀಯರು ಹನ್ನೆರಡು ವರ್ಷ ಸೆರೆಯಲ್ಲಿದ್ದರಂತೆ, ಅಷ್ಟೂ ವರ್ಷ ಅವರ ಮನೆಯ ಒಲೆ ಹೇಗೆ ಉರಿಯಿತೆಂದು ಮಾತ್ರ ಯಾರೂ ಕೇಳಲಿಲ್ಲವಂತೆ. ಕ್ಲಾಸು ಮುಗಿದರೆ ಚಹಾದ ಕಪ್ಪುಗಳನ್ನು ಒಳಗೆ ಒಯ್ದಿಡುವುದಷ್ಟೇ ಗೊತ್ತಿರುವ ಹುಡುಗನಿಗೆ ಒಲೆಯ ಚಿಂತೆ ಎಲ್ಲಿಂದ ಬಂತು?

"ಯಾರು ಬರಕೊಟ್ರು?"

"ಹೇಳೂದಿಲ್ಲಂತ ಮಾತು ಕೊಟ್ಟೀನ್ರಿ."

"ಹಂಗಾರ ಸೋಮವಾರದ ಆಸೆ ಬಿಡು. ಶನಿವಾರದ ತನಕ ಟೈಮ್ ಅದ, ಬಾಯಿ ಬಿಡೂದಿದ್ರ ಬಿಡು."

ಪವನ ತಲೆ ತಗ್ಗಿಸಿದ.

ಅಷ್ಟರಲ್ಲಿ ಗೇಟಿನಲ್ಲಿ ಕೊರಿಯರಿನವನು. ಮಾಸ್ತರರ ಹೆಂಡತಿ ಉಮಾಬಾಯಿ ಸೆರಗಿಗೆ ಕೈ ಒರೆಸುತ್ತ ಹೋದರು. ಕಂಪನಿಯಿಂದ ಸರ್ಟಿಫಿಕೇಟಿನ ಫಾರಂಗಳು ಬಂದಿದ್ದವು.

"ಎವರಿ ಪೇರು, ಅಮ್ಮಾ?" ಅವನು ತೆಲುಗಿನಲ್ಲಿ ಹೆಸರು ಕೇಳಿದ.

ಉಮಾಬಾಯಿ ಬೋರ್ಡಿನತ್ತ ಬೆರಳು ಮಾಡಿದರು.

"ನೋಡ್ರಪಾ," ಮಾಸ್ತರರು ಕ್ಲಾಸಿಗೆ ಹೇಳಿದರು, "ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಮಾಸ್ತರನ ಹೇಂತಿ. ಒಂದು ಥ್ಯಾಂಕ್ಯೂ ಬಾಯಾಗ ಬರಲಿಲ್ಲ!"

ಹುಡುಗರು ನಕ್ಕರು. ಪವನ ನಗಲಿಲ್ಲ.

ಸಂಶಯ ನೇರ ಹೋಗಿ ನಿಂತದ್ದು ಚಂದ್ರಹಾಸನ ಝೆರಾಕ್ಸ್ ಅಂಗಡಿಯ ಮುಂದೆ. ಪಕ್ಕದ ಯೂನಿವರ್ಸಿಟಿಯ ಅರ್ಧ ಪ್ರಬಂಧಗಳು ಅವನ ಕಂಪ್ಯೂಟರಿನಲ್ಲೇ ಹುಟ್ಟುತ್ತವೆಂದು ಓಣಿಯ ಮಾತು. ಮೇಲಾಗಿ ಮಾಸ್ತರರ ಹಳೆಯ ವಿದ್ಯಾರ್ಥಿ. ತಾನೇ ಒಂದು ಕ್ಲಾಸು ತೆರೆಯುವ ಹುನ್ನಾರದಲ್ಲಿದ್ದಾನೆಂಬ ಸುದ್ದಿ ಬೇರೆ. ಮಾಸ್ತರರು ಹಾಳೆಗಳನ್ನು ಕೌಂಟರಿನ ಮೇಲೆ ಬಡಿದರು.

"ಇದು ನಿನ್ನ ಕೈಚಳಕ, ಹೌದಲ್ಲೋ?"

"ಟೈಪಿಂಗ್ ನಂದರಿ ಸರ. ಒರಿಜಿನಲ್‌ನಾಗ ಎಷ್ಟು ಗೆರಿ ಇದ್ದವೋ ಅಷ್ಟ ಹೊಡದೀನಿ."

"ಒರಿಜಿನಲ್ ಯಾರದು?"

ಚಂದ್ರಹಾಸ ನಕ್ಕ. "ಭಾಳ ದೂರದಿಂದ ಬಂದದ್ದಲ್ಲರಿ. ನಿಮ್ಮ ಕ್ಲಾಸ್ ಒಂದಿನಾನೂ ತಪ್ಪಿಸಲಾರದವರು ಬರದದ್ದು. ನಾವೆಲ್ಲಾ ಬರೇ ಚಾ ಕುಡದು ಪಾಸಾದವ್ರು."

ಮನೆಗೆ ಬಂದವರೇ ಮಾಸ್ತರರು ಹಾಜರಿ ಪುಸ್ತಕಗಳನ್ನು ಹರವಿ ಕುಳಿತರು. ಹೊಸದು, ಹಳೆಯದು, ಇಲಿ ಕಡಿದದ್ದು. ಒಂದು ದಿನವೂ ತಪ್ಪಿಸದವರು ಒಬ್ಬರೂ ಸಿಗಲಿಲ್ಲ. ಅಂದಮೇಲೆ ಚಂದ್ರಹಾಸ ಸುಳ್ಳುಗಾರ.

"ಚಾ," ಎಂದು ಉಮಾಬಾಯಿ ಲೋಟ ಇಟ್ಟು ಹೋದರು.

ಶನಿವಾರ ಹದಿಮೂರು ಫಾರಂಗಳಿಗೆ ಸಹಿ ಬಿತ್ತು. ಹದಿನಾಲ್ಕನೆಯದು ಪವನನದು. ಅದರ ಮೇಲೆ ಅಡ್ಡಗೆರೆ ಎಳೆಯಲು ಮಾಸ್ತರರು ಕೆಂಪು ಪೆನ್ನು ಎತ್ತಿದರು. ಪಕ್ಕದಲ್ಲೇ ಆ ಎರಡು ಪುಟ.

ಗೇಟಿನಲ್ಲಿ ಮತ್ತೆ ಕೊರಿಯರಿನವನು. ಫಾರಂಗಳನ್ನು ಒಯ್ಯಲು ಬಂದಿದ್ದ. ರಸೀದಿಗೆ ಕಳಿಸುವವರ ಹೆಸರು ಬೇಕಿತ್ತು.

"ಪೇರು, ಅಮ್ಮಾ?"

ಉಮಾಬಾಯಿಯ ಬೆರಳು ಬೋರ್ಡಿನತ್ತ ಹೋಯಿತು.

"ಮಾ ಅಮ್ಮ ಕೂಡಾ ಇಂತೇ," ಎಂದು ಅವನು ನಗುತ್ತ ಬರೆದುಕೊಂಡ. ಅವನ ತಾಯಿಯೂ ಹೀಗೆಯಂತೆ. ಗಂಡನ ಹೆಸರು ಕೇಳಿದರೆ ಗೋಡೆಯ ಮೇಲಿನ ಫೋಟೋ ತೋರಿಸುತ್ತಾಳಂತೆ.

ಮಾಸ್ತರರ ಪೆನ್ನು ಗಾಳಿಯಲ್ಲೇ ನಿಂತಿತು. ಗೇಟಿನಲ್ಲಿದ್ದ ಬೆರಳನ್ನು ನೋಡಿದರು. ಹಾಳೆಯ ಗೆರೆಗಳನ್ನು ನೋಡಿದರು. ಉಮಾಬಾಯಿ ತಮ್ಮನ್ನು ದಾಟಿ ಪರದೆ ಸರಿಸಿ ಒಳಗೆ ಹೋಗುವುದನ್ನು ನೋಡಿದರು. ಆ ಪರದೆಯ ಹಿಂದೆ ಅವರು ಯಾವತ್ತೂ ಹಾಜರಿ ಕೂಗಿರಲಿಲ್ಲ.

"ಕೇಳಿದೇನ," ಪರದೆಯತ್ತ ತಿರುಗಿದರು. "ಯಾವಾಗಿಂದ?"

ಪರದೆಯ ಹಿಂದಿನಿಂದ ಅವರದೇ ಗತ್ತು, ಅವರದೇ ಮೂಗುದನಿ: "ಫುಲ್ ಸೆಂಟೆನ್ಸ್, ಪ್ಲೀಸ್."

ಈ ಸಲ ನಗಲು ಯಾರಿಗೂ ಧೈರ್ಯವಾಗಲಿಲ್ಲ. ಮಾಸ್ತರರು ಪವನನ ಮುಂದೆ ಎರಡು ಖಾಲಿ ಹಾಳೆ ಇಟ್ಟರು.

"ಈಗ ನೀನ ಬರಿ. ಸೋಮವಾರ ಮುಂಜಾನೆ ಫಾರಂ ಕೈಯಾಗ ಒಯ್ದರಾತು. ತಿಳೀಲಿಲ್ಲಂದ್ರ ಒಳಗ ಹೋಗಿ ಮೇಡಂ ಅವ್ರನ್ನ ಕೇಳು."

ಆಮೇಲೆ ಹಳೆಯ ಹಾಳೆ ಎಳೆದುಕೊಂಡು, ಹನ್ನೊಂದು ಗೆರೆಗಳ ಮೇಲೂ ಆ ಭಕ್ತನ ಹೆಸರನ್ನು ತಾವೇ ತುಂಬಿದರು. ಗೇಟಿನ ಬೋರ್ಡಿನ ಮೇಲಿದ್ದದ್ದೂ ಅದೇ: ರಾಮದಾಸ.